ಕುಗ್ಗುಪಟ್ಟಿ

ಅಪ್ಪನ ಕಡೆ ಒಂದು ಸುಳ್ಳು ಪಟ್ಟಿ ಇತ್ತು.
ಅದರ ಮ್ಯಾಲಿನ ಒಂದು ಫೂಟು
ಅಂಗಡಿ ಫೂಟಿಗಿಂತ ಒಂದು ಗೆರಿ ಉದ್ದ.
"ಕಾದ ಬೀಡು ಆರಿದ ಮ್ಯಾಗ ಕುಗ್ಗತೈತಿ ಮಗಳ,
ನೂರಕ್ಕ ಒಂದು. ಉಕ್ಕಾದರ ಎರಡು.
ಕಟಗಿಯೊಳಗ ಮೊದಲ ಆ ಸುಳ್ಳು ಸೇರಿಸಿ ಕೆತ್ತು,
ಕಡೀಕ ಖರೇ ಅಳತಿ ಬರತೈತಿ."

ಉದ್ಯಮಬಾಗದ ತಗಡಿನ ಶೆಡ್ಡಿನಾಗ
ಈಗ ಆ ಪಟ್ಟಿ ನನ್ನ ಕೈಯಾಗ.
ಮೌನೇಶ್ವರ ಪ್ಯಾಟರ್ನ್ ವರ್ಕ್ಸ್,
ಮಾಲಕಿ ಕಮಲಾಕ್ಷಿ ಮಾನಪ್ಪ ಬಡಿಗೇರ.

ಇಟಲಿಯ ಬೊಲೊನ್ಯಾದಾಗ ಒಬ್ಬ ಮುದುಕ
ತನಗಿಂತ ಹಳೇ ನೀರಿನ ಪಂಪು ಬಿಚ್ಚಿಕೊಂಡು ಕುಂತಾನ.
ಅದರ ಹೊಟ್ಟಿಯೊಳಗಿನ ಚಕ್ರದ ಫೋಟೋ ಕಳಿಸಿದ,
ಆರು ಎಸಳು, ಒಂದು ಮುರಿದಿತ್ತು.
ಸಾಗವಾನಿಯಾಗ ಆರೂ ಕೆತ್ತಿದೆ,
ಉಸುಕಕಾಗದ ತಿಕ್ಕಿ ತಿಕ್ಕಿ ಬೆರಳಗುರುತು ಅಳಿಸಿದ್ವು.
ಪಾರ್ಸಲ್ ಮುಟ್ಟಿತು. "ಬಹಳ ಚಂದ" ಅಂದ.
ಸಾವಿರದ ಎಂಟುನೂರಾ ನಲವತ್ತು ಯೂರೋ.

ಖಾತೆ ಅಂತೂ ತಯಾರಿತ್ತು.
ಲೇಥಿನ ಇಮ್ತಿಯಾಜ, ಚಾ ಬರೂದರೊಳಗ
ಫೋನಿನಾಗ ತೆರೆದು ಕೊಟ್ಟಿದ್ದ.
ಕಣ್ಣು ಮಿಟುಕಿಸ್ರಿ ಅಂತು, ಮಿಟುಕಿಸಿದೆ.
ನಗರಿ ಅನ್ನಲಿಲ್ಲ, ಆದರೂ ನಕ್ಕೆ.
ಪಾಳಿ ಇಲ್ಲ, ಸಹಿ ಇಲ್ಲ, ಶಿಕ್ಕಾ ಇಲ್ಲ.
ಹಿಂಡಲಗಾದಿಂದ ಇನ್ನೂರು ರೂಪಾಯಿ ಬಂದರೂ
ಟಣ್ ಅಂತಿತ್ತು, ಗುಡಿ ಗಂಟಿ ಗತೆ.

"ಸ್ವಿಫ್ಟ್ ಕೋಡ್ ಕಳಿಸ್ರಿ" ಅಂದ ಮುದುಕ.
ಇಡೀ ಆ್ಯಪ್ ತಡಕಾಡಿದೆ,
ಹಿಟ್ಟಿನ ಡಬ್ಬಿಯಾಗ ಉಂಗುರ ಹುಡುಕಿಧಂಗ.
ಸಹಾಯ ಒತ್ತಿದರ ಒಂದು ಯಂತ್ರ:
"ನಮಸ್ಕಾರ ಕಮಲಾಕ್ಷಿ! ನಾನು ನಿಮ್ಮ ಮಿತ್ರಾ!"
ಕೇಳಿದೆ. ಮೂರು ಚುಕ್ಕಿ ಕುಣಿದವು.
"ನಿಮ್ಮ ಡೆಬಿಟ್ ಕಾರ್ಡ್ ಕಳೆದಿದೆಯೇ?"
ಮೌನೇಶ್ವರನ ಹೆಸರಿಟ್ಟದ್ದಕ್ಕ
ಮೌನಾನ ಉತ್ತರ ಆತು.

ಯಾರೋ ಹೇಳಿದರು, ಮುಂಬೈದ ದೊಡ್ಡ ಬ್ಯಾಂಕಿನ ಕೋಡ್ ಹಾಕ್ರಿ,
ಅಲ್ಲಿಂದ ತಾನ ಹರಿದು ಬರತೈತಿ.
ಸೋಮವಾರ ರೊಕ್ಕ ಹೊಂಟಿತು.
ಹನ್ನೊಂದು ದಿವಸ.
ಎಲ್ಲಿತ್ತೋ, ಯಾರ ಜಗಲಿ ಮ್ಯಾಲ ಮಲಗಿತ್ತೋ.
ತಿರುಗಿ ಬೊಲೊನ್ಯಾಕ್ಕ ಹೋದಾಗ ಎಣಿಸಿದ ಮುದುಕ:
ಸಾವಿರದ ಏಳುನೂರಾ ತೊಂಬತ್ತಮೂರು.
ಹೋಗೂವಾಗ ಒಬ್ಬ, ನಡುವ ಒಬ್ಬ, ಬರೂವಾಗ ಒಬ್ಬ
ಚಿವುಟಿದ್ದರು.

ಮಣ್ಣಿನ ಪೆಟಗಿಯೊಳಗ
ಖಾಲಿ ಜಾಗ ಎಷ್ಟ ಚಂದ ಮೂಡಿದ್ದರೂ
ಗೇಟು ಕೊರೆಯದಿದ್ದರ ಲೋಹ ಇಳಿಯೂದಿಲ್ಲ.
ಫೌಂಡ್ರಿಯ ಹೊಸಾ ಹುಡುಗನಿಗೂ ಗೊತ್ತಿದು.
ಅಷ್ಟು ಚಂದನ ಖಾತೆ ಮಾಡಿದವರಿಗೆ
ಯಾರೂ ಹೇಳಲಿಲ್ಲೇನು?

ಬ್ಯಾಂಕಿಗೆ ಹೊಂಟೆ, ನಿಂತು ಮಾತಾಡೂ ಬ್ಯಾಂಕಿಗೆ.
ಮೂರನೇ ರೈಲ್ವೆ ಗೇಟು ಬಿದ್ದಿತ್ತು.
ಗೂಡ್ಸ್ ಗಾಡಿ. ಸ್ಕೂಟಿ ಆರಿಸಿ
ನಲವತ್ತೆರಡು ಡಬ್ಬಿ ಎಣಿಸಿದೆ.

ಟಿಳಕವಾಡಿ ಶಾಖೆಯಾಗ ದೇಸೂರಕರ ಮೇಡಮ್ಮು
ಕಾರ್ಬನ್ ಇಟ್ಟು ಫಾರ್ಮ್ ತುಂಬಿಸಿದರು.
"ಹೊರದೇಶದ ರೊಕ್ಕ ಯಾತರದು ಬರೀಬೇಕು.
ಮಾಲೋ, ಸೇವೆಯೋ?"
ಕಟಗಿ ಮಾಲು ಮೇಡಂ,
ಆ ಒಂದು ಗೆರಿ ಸುಳ್ಳು ಸೇವಾ ಇರಬೇಕು.
ಅವರು ನಗಲಿಲ್ಲ. ಕನ್ನಡಕದ ಮ್ಯಾಲಿಂದ ನೋಡಿ
ಶೆಡ್ಡಿಗೆ ಬಂದು ತಪಾಸ ಮಾಡತೀವಿ ಅಂದರು,
ಬೋರ್ಡು ಹಾಕಿಸಿರ್ರಿ.

ಬೋರ್ಡಿಗೆ ಬಣ್ಣ ಹಚ್ಚಿದೆ.
ತಪಾಸಿನವರು ಇನ್ನೂ ಬರಬೇಕು.
ಮುದುಕ ಎರಡನೇ ಚಕ್ರದ ಫೋಟೋ ಕಳಿಸ್ಯಾನ,
ಮೊದಲನೇದರ ಋಣ ತನಗ ನಿದ್ದಿ ಕೊಡವಲ್ಲದಂತ.

ಪಟ್ಟಿಯ ಹಿಂದ ಅಪ್ಪನ ಮೊಳೆ ಗೀಚು ಐತಿ:
ಬೀಡು ೧. ಹಿತ್ತಾಳಿ ೧॥. ಉಕ್ಕು ೨.
ಅದರ ಕೆಳಗ ನಾನು ಗೀಚಿದೆ:
ಯೂರೋ ೨॥.
ಆರಲಿಕ್ಕೆ ಎಷ್ಟು ದಿವಸ ಅಂತ ಬರಿಯೂದರೊಳಗ
ಕಟಗಿ ಮುಗೀತು.